ಮೊಟ್ಟೆಯೊಳಗಿನ ಮೂವರು ಅಕ್ಕತಂಗಿಯರ ಸಿಟ್ಟು

ಲೋಕ ಆಗ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಎಲ್ಲಿ ಕೂರಬೇಕೆಂದು ತಿಳಿಯದೆ ಅತ್ತಿತ್ತ ಸರಿಯುತ್ತಿದ್ದವು. ಹೊಳೆಗೆ ತನ್ನ ದಡ ಯಾವುದೆಂದು ಗೊತ್ತಿರಲಿಲ್ಲ. ಗಾಳಿ ಕಂಡಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿತ್ತು.

ಆಗ ಪ್ರಾಣಿಗಳೆಲ್ಲ ಮಣ್ಣಿನವು. ಆನೆ ಮಣ್ಣಿನದು, ಆಮೆ ಮಣ್ಣಿನದು, ಕೊಕ್ಕರೆಯೂ ಮಣ್ಣಿನದು. ಯಾರು ಮಾಡಿದರು ಎಂದು ಕೇಳಬೇಡ, ಮಗಳೇ ದಾನೇಶ್ವರಿ. ಮಾಡಿದವರು ಕೈ ತೊಳೆದುಕೊಂಡು ಹೋಗಿಬಿಟ್ಟಿದ್ದರು. ನನಗೆ ಸಿಟ್ಟು ಬರುವುದೇ ಅದಕ್ಕೆ. ಮಣ್ಣು ಬಿಸಿಲಿಗೆ ಬಿರಿಯುತ್ತದೆ ಅನ್ನುವಷ್ಟು ಬುದ್ಧಿ ಬೇಡವೇ ಅವರಿಗೆ?

ಮಣ್ಣಿನ ಮೈಗೆ ಒಳಗು ಹೊರಗು ಇರಲಿಲ್ಲ. ಎಲ್ಲಿ ಕೆರೆದರೂ ಅದೇ ಮಣ್ಣು. ಗುಂಡಿಗೆ ಇಲ್ಲ, ಕರುಳಿಲ್ಲ, ಎಲುಬಿಲ್ಲ. ಸಿಟ್ಟು ಬಂದರೆ ಬಾಯಿಗೆ ಮಾತ್ರ ಬರುತ್ತಿತ್ತು. ಮೈಗೆ ಅದರ ಸುದ್ದಿಯೇ ಇಲ್ಲ.

ಅಂಥವುಗಳಲ್ಲಿ ಒಂದು ಕಪ್ಪೆ ಇತ್ತು. ಅವಳನ್ನು ಕಪ್ಪೆವ್ವ ಅನ್ನೋಣ. ಲೋಕಕ್ಕೆಲ್ಲ ಅವಳೊಬ್ಬಳೇ ಕಪ್ಪೆ. ಅವಳ ಬೆನ್ನ ಮೇಲೆ ಒಂದು ಬಿರುಕು ಮೂಡಿತ್ತು. ಬಿಸಿಲು ಏರಿದಂತೆಲ್ಲ ಅದು ಅಗಲವಾಗುತ್ತಿತ್ತು. ತಾನು ಒಡೆದರೆ ಲೋಕದಲ್ಲಿ ಇನ್ನು ಕಪ್ಪೆ ಅನ್ನುವುದೇ ಇರುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಅದಕ್ಕೇ ಅವಳು ಕೆರೆಯ ಅಂಚಿನಲ್ಲಿ, ಜೊಂಡಿನ ಬುಡಕ್ಕೆ ರಾಶಿ ಮೊಟ್ಟೆ ಇಟ್ಟಳು. ಲೋಕದಲ್ಲಿ ಮೊಟ್ಟೆ ಇಟ್ಟವರಲ್ಲಿ ಅವಳೇ ಮೊದಲು.

ಮೊಟ್ಟೆ ಎಂದರೆ ಲೋಳೆಯ ನಡುವೆ ಒಂದು ಕರಿ ಹನಿ, ಅಷ್ಟೆ. ಹನಿ ಸೀಳಿ ಎರಡಾಯಿತು. ಎರಡು ನಾಲ್ಕಾಯಿತು. ನೋಡನೋಡುತ್ತ ಹಿಪ್ಪುನೇರಳೆ ಹಣ್ಣಿನಂತೆ ಗುಳ್ಳೆಗುಳ್ಳೆಯಾಯಿತು. ಆಮೇಲೆ ಆ ಗುಳ್ಳೆಗಳೆಲ್ಲ ಸರಿದು, ಜಾರಿ, ಒಂದರ ಮೇಲೊಂದು ಹಾಸಿದ ಚಾಪೆಗಳ ಹಾಗೆ ಮೂರು ಪದರವಾಗಿ ನಿಂತವು. ಆ ಮೂರು ಪದರಗಳೇ ಮೂವರು ಅಕ್ಕತಂಗಿಯರು. ಹೊರಗಿನವಳು ಹೊರಗವ್ವ. ಒಳಗಿನವಳು ಒಳಗವ್ವ. ಎಲ್ಲರಿಗಿಂತ ತಡವಾಗಿ ಬಂದು ಇಬ್ಬರ ನಡುವೆ ನುಸುಳಿದವಳು ನಡುವವ್ವ.

ಮೂವರೂ ಹುಟ್ಟಿದ ಕ್ಷಣದಿಂದ ಜಗಳ.

"ನಾ ಹೊರಗ ನಿಂತು ಬಿಸಲು ಕಾಯಬೇಕು, ನೀವು ಒಳಗ ಕುಂತು ಉಣ್ಣಬೇಕು! ಇದ್ಯಾವ ನ್ಯಾಯ?" ಎಂದು ಹೊರಗವ್ವ ಕೂಗುವಳು.

"ಉಣ್ಣೋದು ಅಂದ್ರ ಸುಮ್ಮನ ಅಂತ ತಿಳದೀಯೇನ? ಅರಗಿಸಿ ನಿಮಗ ಹಂಚೂದು ಯಾರು? ನಾನು!" ಎಂದು ಒಳಗವ್ವ ಅರಚುವಳು.

"ನಿಮ್ಮಿಬ್ಬರ ನಡುವ ನಾ ಹಪ್ಪಳ ಆಗೀನಿ. ಸ್ವಲ್ಪ ಸರೀರಿ!" ಎಂದು ನಡುವವ್ವ ಒದ್ದಾಡುವಳು.

"ನಿನ್ನ ಕರದವರ್ಯಾರ? ಕಡೀಕ ಬಂದಾಕಿ ನೀನು, ಬಾಯಿ ಮುಚ್ಚು!" ಎಂದು ಇಬ್ಬರೂ ಅವಳ ಮೇಲೆ ಬೀಳುವರು.

ಒಬ್ಬಳು ಈ ಕಡೆ ಎಳೆದರೆ ಇನ್ನೊಬ್ಬಳು ಆ ಕಡೆ. ಎಳೆದಾಟಕ್ಕೆ ಮೊಟ್ಟೆ ಹರಿದೇ ಹೋಗುವುದು. ಒಂದು ಹರಿಯಿತು. ಮತ್ತೊಂದು ಹರಿಯಿತು. ಪ್ರತಿ ಮೊಟ್ಟೆಯಲ್ಲೂ ಅದೇ ಮೂವರು, ಅದೇ ಜಗಳ. ಕೊನೆಗೆ ಜೊಂಡಿಗೆ ಅಂಟಿಕೊಂಡು ಒಂದೇ ಒಂದು ಮೊಟ್ಟೆ ಉಳಿಯಿತು.

ಕಪ್ಪೆವ್ವ ಹೊಳೆಯ ಹತ್ತಿರ ಓಡಿದಳು. "ಹೊಳಿಯವ್ವಾ, ಒಂದೀಟು ಬಂದು ಬುದ್ಧಿ ಹೇಳು. ಇದೂ ಹರದು ಹೋದ್ರ ನನ್ನ ಕುಲಾನ ಇಲ್ಲ."

"ನಾ ಹರಿಯಾಕಿ," ಅಂದಿತು ಹೊಳೆ. "ಮಂದಿ ಮನಿ ಜಗಳಕ್ಕ ನಾ ನಿಲ್ಲಂಗಿಲ್ಲ."

ಗಾಳಿಯ ಹತ್ತಿರ ಓಡಿದಳು. "ಗಾಳೆಪ್ಪಾ, ನೀನಾದ್ರೂ ಬಾರೋ."

"ನಾಳೆ ನೋಡೋಣ," ಅಂದಿತು ಗಾಳಿ. ಅದರ ನಾಳೆ ಎಂದಾದರೂ ಬಂದದ್ದು ಉಂಟೇ?

"ಮಂದಿ ಮನಿಗೆ ಬೆಂಕಿ ಬಿದ್ರ ಚಳಿ ಕಾಸಿಕೊಳ್ಳಾವರು ನೀವು! ಥೂ ನಿಮ್ಮ!" ಎಂದು ಬೈದು ಕಪ್ಪೆವ್ವ ತಿರುಗಿ ಬಂದಳು. ಸರಿಯಾಗಿಯೇ ಬೈದಳು. ನಾನಿದ್ದಿದ್ದರೆ ಇನ್ನೂ ನಾಲ್ಕು ಸೇರಿಸಿ ಬೈಯುತ್ತಿದ್ದೆ.

ಮೊಟ್ಟೆಯ ಮುಂದೆ ಕೂತು ಅವಳು ಮೂವರಿಗೂ ಕೆಲಸ ಹಂಚಿದಳು. "ಹೊರಗವ್ವಾ, ನಿಂದು ಕಾವಲು. ಕಾವಲಿನಾಕಿ ಒಳಗ ತಿರುಗಿ ನೋಡಬಾರದು, ನೆನಪಿಡು. ಒಳಗವ್ವಾ, ನೀನು ಉಣಿಸು. ನಡುವವ್ವಾ, ನೀನು ಇಬ್ಬರ್ನೂ ಹಿಡದು ನಿಲ್ಲಸು. ಇನ್ನೊಂದು ಸಲ ಜಗಳದ ದನಿ ಕೇಳಿದ್ರ ನೋಡ್ರಿ ಮತ್ತ!"

ಮೂವರೂ ಹೂಂಗುಟ್ಟಿದರು. ಕೆಲಸ ಶುರುವಾಯಿತು.

ಆದರೆ ಹೊರಗವ್ವನ ಕಿವಿ ಒಳಗೇ ಇತ್ತು. ಒಳಗೆ ಗುಳುಗುಳು ಸದ್ದಾದರೆ ಸಾಕು, ತನ್ನನ್ನು ಬಿಟ್ಟು ಉಣ್ಣುತ್ತಿದ್ದಾರೆ ಅನ್ನುವ ಗುಮಾನಿ. ಒಂದು ದಿನ ತಡೆಯಲಾಗಲಿಲ್ಲ. "ಕಳ್ಳ ಮುಂಡೇರಾ, ಸಿಕ್ರಿ ಈಗ!" ಎಂದು ಕಾವಲು ಬಿಟ್ಟು, ಬೆನ್ನಿನ ಉದ್ದಕ್ಕೂ ಒಳಗೆ ಬಗ್ಗಿಬಿಟ್ಟಳು. ಎಷ್ಟು ಬಗ್ಗಿದಳೆಂದರೆ ಬೆನ್ನ ಮೇಲೆ ಕಾಲುವೆಯಂಥ ಗೆರೆ ಬಿತ್ತು. ಗೆರೆಯ ಎರಡು ಅಂಚುಗಳೂ ಮೇಲೆದ್ದು, ಒಂದಕ್ಕೊಂದು ತಾಗಿ ಅಂಟಿಕೊಂಡವು. ಹೊರಗವ್ವನ ಒಂದು ಭಾಗ ಹೊರಗೇ ಉಳಿಯಿತು. ಇನ್ನೊಂದು ಭಾಗ ಕೊಳವೆಯಾಗಿ ಒಳಗೆ ಸಿಕ್ಕಿಬಿತ್ತು. ಎಲ್ಲವನ್ನೂ ತಿಳಿಯುವ, ಎಲ್ಲವನ್ನೂ ನೆನಪಿಡುವ ಭಾಗವೇ ಒಳಗೆ ಸಿಕ್ಕಿದ್ದು.

ನೋಡಿದರೆ ಅಲ್ಲಿ ಯಾರೂ ಕದ್ದು ಉಣ್ಣುತ್ತಿರಲಿಲ್ಲ. ಒಳಗವ್ವ ಮೂರು ಪಾಲು ಸಮನಾಗಿಯೇ ಮಾಡುತ್ತಿದ್ದಳು.

"ನನ್ನ ಕಳ್ಳಿ ಅಂದೀಯಲ್ಲ!" ಎಂದು ಒಳಗವ್ವ ಕೆಂಡವಾದಳು.

"ಬಿಡ್ರಿ ನನ್ನ, ಹೊರಗ ಹೋಗ್ತೀನಿ!" ಎಂದು ಹೊರಗವ್ವ ಬಡಿದುಕೊಂಡಳು.

ನಡುವವ್ವನಿಗೆ ಬಹಳ ದಿನದ ಸಿಟ್ಟಿತ್ತು. ಅವಳು ತನ್ನ ಮೈಯಿಂದಲೇ ಎಲುಬು ಮಾಡಿದಳು. ಒಂದರ ಹಿಂದೆ ಒಂದು ಮಣಿ ಪೋಣಿಸಿದ ಹಾಗೆ ಆ ಕೊಳವೆಯ ಸುತ್ತ ಎಲುಬು ಕಟ್ಟಿದಳು. ತಲೆಯ ಕಡೆ ಗಟ್ಟಿ ಬುರುಡೆಯನ್ನೇ ಮುಚ್ಚಿದಳು. "ಈಗ ತೆಗಿ ಜಗಳ, ನೋಡೋಣ!" ಅಂದಳು.

ಆಮೇಲೆ ಮೂವರೂ ಮಾತು ಬಿಟ್ಟರು.

ಮಾತು ಬಿಟ್ಟ ಮನೆ ಹೇಗಿರುತ್ತದೆ, ನೀನು ನೋಡಿದ್ದೀಯ. ಕೆಲಸವೆಲ್ಲ ನಡೆಯುತ್ತದೆ, ಮನೆ ಮಾತ್ರ ಮುಂದೆ ಹೋಗುವುದಿಲ್ಲ. ಇಲ್ಲೂ ಹಾಗೇ ಆಯಿತು. ಹೊರಗವ್ವ ಹೊರಗೆ ಚರ್ಮ ಮಾಡಿದಳು, ಕಣ್ಣು ಮಾಡಿದಳು, ಒಳಗೆ ಮಿದುಳಾದಳು, ಸುದ್ದಿ ಒಯ್ಯಲು ಮೈತುಂಬ ನರದ ದಾರ ಎಳೆದಳು. ನಡುವವ್ವ ಮಾಂಸ ಮಾಡಿದಳು, ನೆತ್ತರು ಮಾಡಿದಳು, ಗುಂಡಿಗೆ ಮಾಡಿದಳು. ಒಳಗವ್ವ ಹೊಟ್ಟೆ, ಕರುಳು, ಉಸಿರಿನ ಚೀಲ ಎಲ್ಲ ಮಾಡಿದಳು. ಮೊಟ್ಟೆಯೊಳಗೆ ಪುಟ್ಟ ಕಪ್ಪೆಮರಿ, ಗೊದಮೊಟ್ಟೆ, ತಯಾರಾಯಿತು. ತಲೆ ಇದೆ, ಬಾಲ ಇದೆ. ಆದರೆ ಬಾಲ ಅಲ್ಲಾಡದು, ಗುಂಡಿಗೆ ಬಡಿಯದು. ಅಲ್ಲಾಡು ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಬೇಕಲ್ಲ!

ಕಪ್ಪೆವ್ವ ಹಗಲೆಲ್ಲ ಮೊಟ್ಟೆಗೆ ಬಾಯಿ ಹಚ್ಚಿ ಬೈದಳು. "ಮಾತಾಡ್ರೇ ಹಾಳಾದವರಾ! ನನ್ನ ಬೆನ್ನು ಸೀಳಾಕತ್ತೈತಿ. ಇನ್ನೆಷ್ಟು ದಿನ ಬೈಲಿ ನಾನು?"

ಮೂವರೂ ಕೇಳಿಸಿಕೊಂಡರು. ಮತ್ತೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತರು. ಆದರೆ ದಿನವೂ ಆ ದನಿ ಬಂದೇ ಬರುತ್ತದೆ ಎಂದು ಮೂವರಿಗೂ ರೂಢಿಯಾಗಿತ್ತು.

ಹೀಗಿರುವಾಗ ಕೊಕ್ಕರೆ ಬಂತು. ಬಿಸಿಲಿಗೆ ಅದರ ಮೈಯೂ ಬಿರಿದಿತ್ತು. ಮೊಟ್ಟೆಯ ಲೋಳೆ ಮೆತ್ತಿಕೊಂಡರೆ ಬಿರುಕು ಮುಚ್ಚುತ್ತದೆ ಎಂದು ಅದಕ್ಕೆ ಯಾರೋ ಹೇಳಿದ್ದರು.

"ಸರಿ ಆಚೀಕ," ಅಂದಿತು ಕೊಕ್ಕರೆ. "ಒಂದು ಮೊಟ್ಟಿ, ಅದೂ ಅಲ್ಲಾಡದ ಮೊಟ್ಟಿ. ಸತ್ತದ್ದಕ್ಕ ಯಾಕಷ್ಟು ಬಡಕೋತಿ?"

"ಸತ್ತಿಲ್ಲ! ಸಿಟ್ಟು ಮಾಡ್ಕೊಂಡು ಕುಂತಾರ, ಅಷ್ಟ!" ಕಪ್ಪೆವ್ವ ಮೊಟ್ಟೆಗೂ ಕೊಕ್ಕರೆಗೂ ನಡುವೆ ಬಂದು ಕೂತಳು. "ನಿನ್ನ ಬಿರುಕಿಗೆ ನನ್ನ ಕೂಸು ಬೇಕೇನ? ನಾಚಿಕಿ ಆಗಂಗಿಲ್ಲ ನಿನಗ? ಕೆರಿ ತುಂಬ ಕೆಸರೈತಿ, ಹೋಗಿ ಅದನ್ನ ಮೆತ್ತಿಕೊ..."

ಕೊಕ್ಕರೆ ಮಾತು ಮುಗಿಯುವವರೆಗೂ ಕಾಯಲಿಲ್ಲ. ಕಾಲು ಎತ್ತಿ ಅವಳ ಬೆನ್ನ ಮೇಲೆ ಇಟ್ಟಿತು. ಬಿರುಕು ಬಾಯಿಬಿಟ್ಟಿತು. ಕಪ್ಪೆವ್ವ ಪುಡಿಪುಡಿಯಾಗಿ ನೀರಲ್ಲಿ ಕದಡಿಹೋದಳು.

ಬೈಗುಳ ಅರ್ಧಕ್ಕೇ ನಿಂತಿತು.

ಹೊಳೆ ನೋಡಿತು. ಗಾಳಿ ನೋಡಿತು. ಎರಡೂ ತಮ್ಮ ಪಾಡಿಗೆ ಮುಂದೆ ಹೋದವು. ಈ ಮಾತು ಹೇಳುವಾಗ ಈಗಲೂ ನನ್ನ ಹಲ್ಲು ಕಟಕಟ ಅನ್ನುತ್ತದೆ.

ಮೊಟ್ಟೆಯೊಳಗೆ ಮೂವರೂ ಕಾದರು. ಈಗ ಬೈಯುತ್ತಾಳೆ, ಇನ್ನೊಂದು ಗಳಿಗೆಗೆ ಬೈಯುತ್ತಾಳೆ ಎಂದು ಕಾದರು. ದನಿ ಬರಲೇ ಇಲ್ಲ. ಅದರ ಬದಲು ಕೊಕ್ಕು ಬಂದು ಲೋಳೆಯನ್ನು ಚುಚ್ಚಿತು.

ಚುಚ್ಚಿದ್ದು ಮೊದಲು ತಿಳಿದದ್ದು ಚರ್ಮವಾಗಿ ಹೊರಗಿದ್ದ ಹೊರಗವ್ವನಿಗೆ. ಕೊಕ್ಕರೆಯ ಕಾಲಡಿ ಕದಡಿದ ಅವ್ವನ ಮಣ್ಣೂ ಅವಳ ಕಣ್ಣಿಗೆ ಬಿತ್ತು. ಆ ಸುದ್ದಿ ದಾರದಲ್ಲಿ ಓಡಿ, ಎಲುಬಿನ ಮನೆಯಲ್ಲಿ ಸೆರೆಯಾಗಿದ್ದ ಹೊರಗವ್ವನಿಗೂ ಮುಟ್ಟಿತು. ಮಾತು ಬಿಟ್ಟಿದ್ದೆ ಅನ್ನುವುದನ್ನೇ ಮರೆತು ಅವಳು ಚೀರಿದಳು:

"ತಂಗೀ! ಅವ್ವನ್ನ ತುಳದು ಹಾಕೇತಿ ಅದು! ನಮ್ಮವ್ವನ್ನ!"

ನಡುವವ್ವನ ಗುಂಡಿಗೆ ಅಲ್ಲಿಯವರೆಗೆ ಕಲ್ಲಿನಂತೆ ಕೂತಿತ್ತು. ಈಗ ದಬ್ ಎಂದಿತು. ಮತ್ತೆ ದಬ್ ಎಂದಿತು. ನಿಲ್ಲಲೇ ಇಲ್ಲ. "ಒಳಗವ್ವಾ, ಬಲ ಕೊಡೇ ನನಗ! ಎಷ್ಟೈತಿ ಅಷ್ಟೂ ಕೊಡು!"

"ತಗೋರಿ," ಅಂದಳು ಒಳಗವ್ವ. ಮುಂದಿನ ದಿನಕ್ಕೆಂದು ಕೂಡಿಟ್ಟ ಆಹಾರವನ್ನೆಲ್ಲ ಒಂದೇ ಸಲಕ್ಕೆ ಉರಿಸಿದಳು. ಹೊಟ್ಟೆಯಲ್ಲಿ ಹೊತ್ತಿದ ಉರಿಯನ್ನು ನೆತ್ತರು ಹೊತ್ತುಕೊಂಡು ಓಡಿತು. ಚರ್ಮದವರೆಗೂ ಓಡಿ ಅಕ್ಕನ ಮೈಯನ್ನೆಲ್ಲ ಬಿಸಿ ಮಾಡಿತು. "ಎಳೀ!" ಎಂದು ಮಿದುಳು ಕೂಗಿತು. ಮಾಂಸ ಎಳೆಯಿತು. ಬಾಲ ಚಾಟಿಯಂತೆ ಬೀಸಿತು.

ಲೋಳೆ ಹರಿಯಿತು. ಬಾಲದ ಏಟು ಕೊಕ್ಕರೆಯ ಬಿರಿದ ಕೊಕ್ಕಿಗೆ ಬಿತ್ತು. ಮಣ್ಣಿನ ಕೊಕ್ಕು ಲಟಕ್ಕೆಂದು ಮುರಿದು ನೀರಿಗೆ ಬಿತ್ತು. ಗೊದಮೊಟ್ಟೆ ಅವ್ವನ ಕೆಸರು ಕದಡಿದ ನೀರಿನೊಳಗೆ ಸರ್ರನೆ ನುಗ್ಗಿ ಮರೆಯಾಯಿತು. ಲೋಕದಲ್ಲಿ ಒಳಗು, ಹೊರಗು, ನಡುವು ಇದ್ದ ಮೊದಲ ಮೈ ಅದು.

ಮಣ್ಣಿನ ಪ್ರಾಣಿಗಳೆಲ್ಲ ಒಂದೊಂದಾಗಿ ಒಡೆದವು. ಒಡೆಯುವ ಮೊದಲು ಕಪ್ಪೆವ್ವ ಮಾಡಿದ್ದನ್ನು ನೆನೆದು ಅವೂ ಮೊಟ್ಟೆ ಇಟ್ಟವು, ಮರಿ ಹಾಕಿದವು. ಮೀನಿಗೂ ಕೋಳಿಗೂ ಆಕಳಿಗೂ ಆ ಮೂವರೇ ಮೈ ಕಟ್ಟಿದರು. ನಿನ್ನವ್ವನ ಹೊಟ್ಟೆಯಲ್ಲಿ ನಿನ್ನನ್ನು ಕಟ್ಟಿದವರೂ ಅವರೇ.

ಅವರಿಗೆ ರಾಜಿ ಆಗಿದೆ ಎಂದು ತಿಳಿಯಬೇಡ. ಬೇರೆ ದಿನಗಳಲ್ಲಿ ಒಬ್ಬೊಬ್ಬಳದು ಒಂದೊಂದು ಹಟ. ಆದರೆ ಬಲವಿದ್ದವರು ಬಡಪಾಯಿಯನ್ನು ತುಳಿಯುವುದನ್ನು ಕಂಡರೆ ಮೂವರಿಗೂ ಅವ್ವನ ನಿಂತುಹೋದ ದನಿ ನೆನಪಾಗುತ್ತದೆ. ಹೆಣ್ಣುಮಕ್ಕಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಮಂದಿ ನಿನಗೆ ಹೇಳಿದರಲ್ಲ, ಅವರಿಗೇನು ಗೊತ್ತು ಈ ಕಥೆ? ಬೀದಿಯಲ್ಲಿ ಆ ದಾಂಡಿಗರು ಕುಂಟ ನಾಯಿಮರಿಗೆ ಕಲ್ಲು ಎಸೆದಾಗ ನಿನ್ನ ಮುಖ ಕಾದು ಕೆಂಪಾಗಿ, ಎದೆ ದಬದಬ ಬಡಿದು, ಹೊಟ್ಟೆಯಲ್ಲಿ ಬೆಂಕಿ ಎದ್ದಿತಲ್ಲ, ಅದು ಅದಕ್ಕೇ ಮಗಳೇ: ಆ ಮೂವರೂ ನಿನ್ನ ಮೈಯಲ್ಲಿ ಎದ್ದು ನಿಂತು ಅವ್ವ ಅರ್ಧಕ್ಕೆ ಬಿಟ್ಟ ಬೈಗುಳವನ್ನು ಮುಗಿಸುತ್ತಿದ್ದರು.