ಗೆರೆಯ ಮೇಲಿನ ನೂಲು

ಹೊಳೆದಂಡೆಯ ಆ ಮಠದಲ್ಲಿ ಈಗ ಇರುವವರು ಇಬ್ಬರೇ. ಹಾಡು ಕಲಿಸಿದ ಗದಿಗಯ್ಯಜ್ಜ, ಕಲಿತ ದಾನಮ್ಮ.

ಒಂದು ಕಾಲಕ್ಕೆ ಪಡಸಾಲೆ ತುಂಬ ಶಿಷ್ಯರಿದ್ದರು. ಕಾಲ ಹೋಯಿತು, ಅವರೂ ಹೋದರು. ಅಜ್ಜನ ಹಾಡಿನ ದಾರಿ ಉಳಿದದ್ದು ದಾನಮ್ಮನ ಗಂಟಲಲ್ಲಿ ಮಾತ್ರ. ಇದು ನನ್ನ ಜೊತೆಗೇ ಮಣ್ಣಾಗಬಾರದು ಎಂಬುದೊಂದೇ ಅವಳ ಹಠ.

ಅದಕ್ಕೇ ಆನ್‌ಲೈನ್ ಪಾಠ ಕಟ್ಟಿದಳು. ಮೊಬೈಲು ನಿಲ್ಲಿಸಿಕೊಂಡು ಬೆಳಗಿನಿಂದ ಬೈಗಿನವರೆಗೆ ಪಾಠ ಹೇಳಿದಳು, ಒಂದೊಂದನ್ನೂ ತಿದ್ದಿ ತೀಡಿ ನೆಟ್‌ಗೆ ಏರಿಸಿದಳು. ಊರೂರಿನಿಂದ ಜನ ಸೇರಿದರು. ಸೇರಿದ ಹಾಗೇ ಒಬ್ಬೊಬ್ಬರಾಗಿ ಜಾರಿದರು. ಪಾಪ, ಅವಳ ದುಡಿತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಒಂದು ದಿನ ಹೊತ್ತು ಇಳಿಯುವಾಗ ಕೊನೆಯವಳೂ ಬಿಟ್ಟಳು.

ದಾನಮ್ಮ ಅಜ್ಜನ ಎದುರು ಬಂದು ಕುಸಿದು ಕುಳಿತಳು.

“ಅಜ್ಜಾರ, ಮುಗೀತ್ರಿ. ಒಬ್ಬರೂ ಉಳೀಲಿಲ್ಲ.”

ಅಜ್ಜ ಕಿವಿಗೆ ಅಂಗೈ ಹಿಡಿದರು. ಅವಳು ಇನ್ನೊಮ್ಮೆ ಜೋರಾಗಿ ಹೇಳಿದಳು.

“ಯಾಕ ಬಿಟ್ರು?”

“ತಂಬೂರಿ ನುಡೀವಲ್ದು ಅಂತಾರ್ರಿ. ಶ್ರುತೀನ ಇಲ್ದ ಏನ್ ಹಾಡೂದು ಅಂತಾರ. ತಪ್ಪಾಕ ಜಾಗಾನ ಇಟ್ಟಿಲ್ರಿ ನಾನು. ಎಲ್ಲಾ ಕೊಟ್ಟೀನಿ.”

“ಏನೇನ್ ಕೊಟ್ಟಿ?”

“ಹೆಂಗ ಕುಂದರಬೇಕು, ಬೆರಳು ಹೆಂಗ ಆಡಬೇಕು, ತಂತಿ ಬಿಗಿಯಾಕ ಬಿರಡಿ ಎಷ್ಟು ತಿರುವಬೇಕು. ಜೀವಾಳಿ ನೂಲಿಗಂತೂ ಕುದುರಿ ಮ್ಯಾಲೆ ಕುಂಕುಮದ ಗೆರೀನ ಎಳದು ತೋರ್ಸೀನಿ.”

ತಂಬೂರಿಯ ತಂತಿಗಳು ಬುರುಡೆಯ ಮೇಲೊಂದು ಮರದ ತುಂಡನ್ನು ಹಾದು ಹೋಗುತ್ತವೆ. ಅದೇ ಕುದುರೆ. ಕುದುರೆಗೂ ತಂತಿಗೂ ನಡುವೆ ಒಂದೊಂದು ಎಳೆ ನೂಲು, ಅದೇ ಜೀವಾಳಿ. ನೂಲು ಕೂರುವಲ್ಲಿ ಕೂತರೆ ತಂತಿ ಗುಂಯ್ಗುಡುತ್ತದೆ. ಕೂದಲೆಳೆಯಷ್ಟು ಅತ್ತಿತ್ತಾದರೆ ಟಪ್ಪೆಂದು ಸಾಯುತ್ತದೆ. ಒಂದು ತಂಬೂರಿಗೆ ಕೂತ ಜಾಗ ಇನ್ನೊಂದಕ್ಕೆ ಕೂರುವುದಿಲ್ಲ.

ದಾನಮ್ಮನ ಏರ್ಪಾಟಾದರೋ ಬಲು ಬಿಗಿ. ಕಲಿಯುವವರು ತಮ್ಮ ತಂಬೂರಿಗೂ ಅದೇ ಅಳತೆಗೆ ಗೆರೆ ಎಳೆಯಬೇಕು, ನೂಲನ್ನು ಗೆರೆಯ ಮೇಲಿಟ್ಟು ಫೋಟೋ ಕಳಿಸಬೇಕು. ನೂಲು ಗೆರೆಯ ಮೇಲಿದ್ದರೆ ಮುಂದಿನ ಪಾಠ ತೆರೆಯುತ್ತದೆ. ಇಲ್ಲವೋ, ಬಾಗಿಲು ಬಂದ್.

“ಇವತ್ತ ಬಿಟ್ಟಾಕಿ ಯಾರು?”

“ಲಿಂಗಸುಗೂರಿನ ನೀಲಗಂಗಮ್ಮ ಅಂತ್ರಿ. ಮೊಮ್ಮಕ್ಕಳನ್ನ ಕಂಡಾಕಿ. ಎರಡನೇ ಪಾಠಾನೂ ದಾಟಲಿಲ್ಲ. ಪ್ರತಿ ಫೋಟೋದಾಗೂ ನೂಲು ಗೆರಿ ಬಿಟ್ಟೇ ಇರ್ತಿತ್ತು.”

“ಯಾಕಂತ ಕೇಳಿದ್ಯೇನು?”

“ಆಕೀನ ಬರದಿದ್ಲು. ‘ಗೆರಿ ಮ್ಯಾಲೆ ಸತ್ತಂಗ ಕೇಳಸ್ತದ್ರಿ ಅಕ್ಕಾರ. ಒಂಚೂರು ಹಿಂದಕ್ಕ ತಂದ್ರ ಗುಂಯ್ ಅಂತದ. ಸರಿಸಲೇನ್ರಿ?’ ಅಂತ.”

“ನೀ ಏನಂದಿ?”

“ಸರಿಸಬ್ಯಾಡ್ರಿ, ಅದು ನಮ್ಮ ಅಜ್ಜಾರು ಇಟ್ಟ ಜಾಗ ಅಂದೆ.”



“ಆ ಗೆರಿ ಯಾವಾಗ ಎಳದಿ?”

“ಈ ಯುಗಾದಿ ದಿನಾರಿ. ನೀವು ನೂಲು ಇಟ್ಟು ಪೂಜಿಗೆ ಎದ್ದು ಹೋದ್ರಿ. ಇಟ್ಟಲ್ಲೇ ಗುರುತು ಮಾಡ್ಕೊಂಡೆ.”

“ತಂಗಿ, ಹ್ವಾದ ದೀಪಾವಳಿಯಿಂದ ನನಗ ತಂತಿ ಕೇಳಸವಲ್ದು.”

ದಾನಮ್ಮ ಅಜ್ಜನ ಹತ್ತಿರಕ್ಕೆ ಸರಿದಳು.

“ಜೋರಾಗಿ ಆಡಿದ ಮಾತು ಕೇಳಸ್ತೈತಿ. ತಂತಿ ಇಲ್ಲ. ಕೈ ರೂಢಿ ಮ್ಯಾಲೆ ನೂಲು ಇಡ್ತಿದ್ದೆ. ಗುರು ಕಿವುಡಾದ ಅಂತ ತಿಳದ್ರ ನೀನೂ ಎಲ್ಲಿ ಎದ್ದು ಹೋಗ್ತೀಯೋ ಅಂತ ಬಾಯಿ ಬಿಡಲಿಲ್ಲ.”

“ಅಜ್ಜಾರ...”

“ನನಗ ಕಿವಿ ಹೋತು. ನಿನಗ ಇತ್ತಲ್ಲ? ದಿನಾ ಅದೇ ತಂಬೂರಿ ಮುಂದ ಹಾಡಿದಿ. ಸತ್ತದ್ದು ಗೊತ್ತಾಗಲಿಲ್ಲೇನು?”



“ನೀವು ಇಟ್ಟದ್ದು ಅಂದ ಮ್ಯಾಲೆ ನಾ ಕೇಳಲೇ ಇಲ್ರಿ.”

ಸುಳ್ಳಲ್ಲ. ಲಂಗ ಉಡುವ ಕಾಲದಿಂದ ಹೀಗೇ. ಬೆಳಗ್ಗೆ ಅಜ್ಜ ನೂಲು ಕೂರಿಸಿ ತಂಬೂರಿ ಕೈಗೆ ಕೊಡುವುದು, ಇವಳು ಕಣ್ಣು ಮುಚ್ಚಿ ಹಾಡುವುದು. ಅಜ್ಜನದೂ ಅಕ್ಕರೆಯೇ, ಮಗುವಿಗೆ ಯಾಕೆ ತೊಂದರೆ ಅಂತ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಇವಳು ಆ ಬುತ್ತಿಯನ್ನೇ ಉಂಡು ಬೆಳೆದಳು, ಹಳಸಿದ್ದು ತಿಳಿಯದೆ ಊರಿಗೆಲ್ಲ ಹಂಚಿದಳು.

ದಾನಮ್ಮ ನೀಲಗಂಗಮ್ಮನಿಗೆ ಫೋನ್ ಹಚ್ಚಿದಳು.

“ನೀಲಗಂಗಮ್ಮಾರ, ನೀವು ಇಟ್ಟ ಜಾಗಾನ ಸರಿ ಇತ್ರಿ. ಗೆರೀನ ತಪ್ಪು. ನಂದ ತಪ್ಪು. ಮತ್ತ ಬರ್ರಿ.”

“ಹೌದ್ರಿ?” ಆ ಕಡೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ನನ್ನ ಕಿವೀನ ಸರಿ ಇಲ್ಲ ಅನ್ಕೊಂಡೆ ನೋಡ್ರಿ. ತಂಬೂರಿ ಮೊನ್ನೇನ ಒಬ್ಬರಿಗೆ ಕೊಟ್ಟುಬಿಟ್ಟೆ. ಇರ್ಲಿ ಬಿಡ್ರಿ ಅಕ್ಕಾರ. ಈ ವಯಸ್ಸಿನಾಗ ನನಗ್ಯಾಕ ಬೇಕಿತ್ತು ಹಾಡು?”

ಅಂದು ನಕ್ಕು ಫೋನ್ ಇಟ್ಟಳು.

ಬೈದಿದ್ದರೆ ದಾನಮ್ಮ ತಡೆದುಕೊಳ್ಳುತ್ತಿದ್ದಳೋ ಏನೋ. ಆ ನಗು ಮಾತ್ರ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಇಷ್ಟು ಮಂದ್ಯಾಗ ಸರಿ ಜಾಗಾ ಹುಡುಕೂ ಕಿವಿ ಒಂದೇ ಒಂದು ತೆರದಿತ್ರಿ ಅಜ್ಜಾರ. ಅದನ್ನೂ ನಾನ ಮುಚ್ಚಿದೆ. ಆ ಪಾಠ ಎಲ್ಲಾ ಅಳಿಸಿ ಒಗೀತೀನಿ. ನಿಮ್ಮ ಹಾಡು ನನ್ನ ಕೈಯಾಗ ಸತ್ತುಹೋತ್ರಿ.”

ಅಜ್ಜ ಎದ್ದರು. ಒಳಗಿನಿಂದ ತಂಬೂರಿ ತಂದರು. ಹೆಗಲ ವಸ್ತ್ರದ ತುದಿ ಒದ್ದೆ ಮಾಡಿ ಕುದುರೆಯ ಮೇಲಿನ ಕುಂಕುಮದ ಗೆರೆಯನ್ನು ಒರೆಸಿದರು. ತಂತಿಗಳ ಕೆಳಗಿನ ನೂಲುಗಳನ್ನೆಲ್ಲ ಎಳೆದು ತೆಗೆದು ಅವಳ ಅಂಗೈಯಲ್ಲಿಟ್ಟರು.

“ಎಲ್ಲಿ ಇಡ್ಲಿರಿ?”

ಅಜ್ಜ ಮಾತಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವಳು ಕೂಗಿ ಕೇಳಿದಳು. ಕೇಳಿಸಿತ್ತು ಅವರಿಗೆ.

ದಾನಮ್ಮ ಒಂದು ಎಳೆಯನ್ನು ತಂತಿಯ ಕೆಳಗೆ ತೂರಿಸಿ ಮೀಟಿದಳು. ಟಪ್.

ಸರಿಸಿದಳು. ಟಪ್.

ಕಣ್ಣು ಅಳಿಸಿಹೋದ ಗೆರೆಯನ್ನೇ ಹುಡುಕುತ್ತಿತ್ತು. ಅಲ್ಲಿ ಒದ್ದೆ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಸರಿಸಿದಳು, ಮತ್ತೆ ಮೀಟಿದಳು. ಹೊಳೆಯ ಮೇಲಿನ ಬೆಳಕು ಕಡಿಮೆಯಾಗುತ್ತ ಬಂತು. ಎಷ್ಟು ವರ್ಷದ ಶಿಷ್ಯೆ, ಒಂದು ನೂಲು ಕೂರಿಸಲು ಬಾರದು ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಬರವಲ್ದು ಅಜ್ಜಾರ. ಈಗ ಸರಿ ಐತೇನ್ರಿ? ಒಂದ ಒಂದು ಮಾತು ಹೇಳ್ರಿ.”

ಅಜ್ಜ ಅವಳ ಎದುರಿಗೇ ಕುಳಿತುಕೊಂಡರು.

“ನನಗ ಕೇಳಸೂದಿಲ್ಲ ತಂಗಿ. ನಿನಗ ಕೇಳಿಸಿದಾಗ ಹೇಳು.”