ರೋಬೋಟಿನ ಬಲಗೈ

ನದಿ ದಂಡೆಯ ಮೇಲೊಂದು ಮಠ. ಅಲ್ಲಿ ವಯಸ್ಸಾದ ಗುರುಗಳೊಬ್ಬರು. ಎಲ್ಲರ ಬಾಯಲ್ಲಿ ಅವರು ಅಜ್ಜಾರು. ಶಿಷ್ಯರು ಇಬ್ಬರೇ, ಗದಿಗೆಪ್ಪ ಮತ್ತು ಮಡಿವಾಳ. ಇಬ್ಬರಿಗೂ ಒಂದೇ ಕೋಣೆ, ಒಂದೇ ಚಾಪೆ.

ಒಮ್ಮೆ ಭಕ್ತರೊಬ್ಬರು ಹಣ್ಣುಕಾಯಿ ಬಿಟ್ಟು ಒಂದು ರಟ್ಟಿನ ಡಬ್ಬಿ ತಂದಿಟ್ಟರು. ಒಳಗೆಲ್ಲ ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ಕಿನ ತುಣುಕುಗಳು. ಜೋಡಿಸಿದರೆ ಗೇಣುದ್ದದ ರೋಬೋಟ್ ಆಗುತ್ತದಂತೆ. ಅಜ್ಜಾರು ಅದನ್ನು ಗದಿಗೆಪ್ಪನ ಕೈಗೆ ಕೊಟ್ಟರು.

"ಧ್ಯಾನಕ್ಕ ಕುಂತ್ರ ನಿನ್ನ ಮನಸ್ಸು ಊರೆಲ್ಲಾ ತಿರಗತೈತಿ. ಇದನ್ನ ಜೋಡಸು."

ಗದಿಗೆಪ್ಪ ಕೂತು ಜೋಡಿಸಿದ. ಒಂದೊಂದೇ ತುಣುಕನ್ನು ಚೌಕಟ್ಟಿನಿಂದ ಕತ್ತರಿಸಿ, ಅಂಚು ತಿಕ್ಕಿ, ಟಕ್ ಎನ್ನುವವರೆಗೆ ಒತ್ತಿದ. ಅಂಟು ಬೇಕಾಗಲಿಲ್ಲ. ಭುಜದ ಗುಂಡು ತನ್ನ ಕುಳಿಯಲ್ಲಿ ಬಿಗಿಯಾಗಿ ಕೂತಿತು. ಬಲಗೈ ಎತ್ತಿ ಬಿಟ್ಟರೆ ಎತ್ತಿದಂತೆಯೇ ನಿಂತಿತು. ಗದಿಗೆಪ್ಪನಿಗೆ ಹಿಗ್ಗೋ ಹಿಗ್ಗು.

"ಒಮ್ಮೆ ಕೊಡೋ, ಹಿಡದು ನೋಡ್ತೇನಿ," ಎಂದ ಮಡಿವಾಳ.

"ಕಣ್ಣೀಲೆ ನೋಡು, ಸಾಕು."

ಶುರುವಾಗಿದ್ದೇ ಅಲ್ಲಿಂದ ನೋಡಿ. ಮರುದಿನ ಗದಿಗೆಪ್ಪ ಹೊಳೆಯಿಂದ ಬಂದಾಗ ಮಡಿವಾಳ ಕೋಣೆ ಗುಡಿಸುತ್ತಿದ್ದ. ರೋಬೋಟ್ ತಾನಿಟ್ಟಿದ್ದ ಗೋಡೆಯ ಗೂಡಿನಲ್ಲೇ ಇತ್ತು. ಇವನು ಮುಟ್ಟಿರಬಹುದೇ? ಗದಿಗೆಪ್ಪ ಅದರ ಬಲಗೈ ಇಳಿಸಿ, ಎತ್ತಿ ನೋಡಿದ. ಗಟ್ಟಿಯಾಗಿಯೇ ಇತ್ತು. ಆದರೂ ಸಮಾಧಾನವಾಗಲಿಲ್ಲ. ಇನ್ನೊಮ್ಮೆ ನೋಡಿದ.

ಆಮೇಲೆ ಅದೇ ಚಾಳಿಯಾಯಿತು. ಪೂಜೆಗೆ ಮುಂಚೆ ನೋಡಿದ, ಉಂಡು ಬಂದು ನೋಡಿದ. ಕೆಲವು ದಿನಗಳಲ್ಲಿ ಕೈ ಸ್ವಲ್ಪ ಸಡಿಲವೆನಿಸಿತು. ಗದಿಗೆಪ್ಪ ಗೂಡಿನ ಅಂಚಿಗೆ ವಿಭೂತಿಯ ಗೆರೆ ಎಳೆದಿಟ್ಟ. ಮರುದಿನ ಗೆರೆ ಹಾಗೇ ಇತ್ತು, ಕೈ ಮಾತ್ರ ಇನ್ನಷ್ಟು ಸಡಿಲ!

"ಗೆರಿ ಅಳಸದಂಗ ಕೈ ಹಾಕ್ಯಾನ, ಕಿಲಾಡಿ," ಎಂದು ಹಲ್ಲು ಕಡಿದ.

ಪಾಪ, ಮಡಿವಾಳ ನಕ್ಕರೆ ತಪ್ಪು, ನಗದಿದ್ದರೆ ಇನ್ನೂ ದೊಡ್ಡ ತಪ್ಪು. ಚಾಪೆ ಎರಡಾದವು.

ಒಂದು ಬೆಳಿಗ್ಗೆ ಎತ್ತಿದ ಕೈ ನಿಲ್ಲಲೇ ಇಲ್ಲ, ದೊಪ್ಪನೆ ಜೋತುಬಿತ್ತು. ಗದಿಗೆಪ್ಪ ರೋಬೋಟನ್ನು ಹಿಡಿದು ಅಜ್ಜಾರ ಮುಂದೆ ನಿಂತ.

"ಅಜ್ಜಾರ, ಮಡಿವಾಳ ಇದನ್ನ ಹಾಳ ಮಾಡ್ಯಾನ. ಮಠದಾಗ ಅಂವರೆ ಇರಬೇಕು, ನಾನರೆ ಇರಬೇಕು."

ಮಡಿವಾಳ ಆಗಲೇ ಹಾಸಿಗೆ ಸುತ್ತಿಕೊಂಡು ಬಾಗಿಲಿಗೆ ಬಂದಿದ್ದ. ಅವನ ಕಣ್ಣು ತುಂಬಿತ್ತು.

"ನಾ ಮುಟ್ಟಿಲ್ರಿ ಅಜ್ಜಾರ. ಆದ್ರ ದಿನಾ ಕಳ್ಳನ ಹಂಗ ನೋಡಿಸ್ಕೊಂಡು ಇರಾಕ ಆಗೂದಿಲ್ಲ. ದೋಣಿ ಬಂತಂದ್ರ ಹೋಗ್ತೇನಿ."

ನಮಸ್ಕಾರ ಮಾಡಿ ಹೊಳೆಯ ಕಡೆ ನಡೆದ. ಅಜ್ಜಾರು ತಡೆಯಲಿಲ್ಲ. ಗದಿಗೆಪ್ಪನ ಕಡೆ ತಿರುಗಿದರು.

"ಕೈ ಸಡಿಲ ಆಗೇತಿ ಅಂತ ಹೆಂಗ ಗೊತ್ತಾತು?"

"ಹಿಂಗ ಎತ್ತಿ, ಇಳಿಸಿ ನೋಡ್ತೇನ್ರಿ."

"ಯಾವಾಗ?"

"ಅಂವ ಅದರ ಹತ್ರ ಸುಳದಾಗೆಲ್ಲಾ."

"ಎಡಗೈ?"

ಗದಿಗೆಪ್ಪ ಎಡಗೈ ಎತ್ತಿದ. ಅದು ಎತ್ತಿದಂತೆಯೇ ನಿಂತಿತು.

"ಅದು ಗಟ್ಟಿ ಐತ್ರಿ."

"ಅದನ್ನೂ ದಿನಾ ನೋಡ್ತಿದ್ದೇನು?"

"ಇಲ್ರಿ, ಅದರ ಮ್ಯಾಲೆ ನನಗ ಸಂಶಯ..."

ಗದಿಗೆಪ್ಪ ಜೋತುಬಿದ್ದ ಬಲಗೈ ನೋಡಿದ, ಆಮೇಲೆ ತನ್ನ ಬೆರಳು ನೋಡಿಕೊಂಡ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು.

"ಅಜ್ಜಾರ, ಹಾಳ ಮಾಡಿದಾಂವ ನಾನ."

ಹೊಳೆಯಲ್ಲಿ ದೋಣಿ ಆಚೆ ದಡ ಬಿಟ್ಟು ಇತ್ತ ಬರುತ್ತಿತ್ತು. ಗದಿಗೆಪ್ಪ ರೋಬೋಟನ್ನು ಅಲ್ಲೇ ಇಟ್ಟು ಓಡಿದ. ಹೊಸ್ತಿಲ ಬಳಿ ಗಕ್ಕನೆ ನಿಂತು ತಿರುಗಿದ.

"ನಾ ಕಾಲಿಗೆ ಬಿದ್ರ ಅಂವ ಬರ್ತಾನ್ರಿ, ಅಷ್ಟು ಒಳ್ಳ್ಯಾಂವ. ಆದ್ರ ಅವನ ಹೊಟ್ಯಾಗಿನ ಸಿಟ್ಟು ಹೋಗೇತೋ ಇಲ್ಲೋ, ನನಗ ಹೆಂಗ ಗೊತ್ತಾಗ್ಬೇಕು?"

ಅಜ್ಜಾರು ರೋಬೋಟನ್ನು ಎತ್ತಿ ಗೂಡಿನಲ್ಲಿಟ್ಟರು.

"ಕರಕೊಂಡು ಬಾ. ಸಿಟ್ಟು ಹೋತೇನು ಅಂತ ದಿನಾ ಕೇಳಬ್ಯಾಡ."