ಉರಿಸಂಜೆಯ ಕಂಬಳಿ

ಒಂದು ಒಗಟು. ಚೈತ್ರದ ಉರಿಸಂಜೆ. ರೊಟ್ಟಿ ಬೇಯಿಸಬಹುದು, ಅಷ್ಟು ಕಾದ ಬಂಡೆ. ಅದರ ಮೇಲೊಬ್ಬ ಮುದುಕ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾನೆ. ಜ್ವರವಿಲ್ಲ, ದೆವ್ವವೂ ಹಿಡಿದಿಲ್ಲ. ಯಾಕೆ ಹೇಳಿ?

ಬಿಡಿ, ನಿಮ್ಮಿಂದಾಗೋದಲ್ಲ.

ಮುದುಕ ಅಂದರೆ ತುಂಗಭದ್ರೆಯ ದಂಡೆಯ ಮಠದ ಗುರು ಅಡಿವೆಯ್ಯ. ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. ಶಿಷ್ಯ ಪಂಪಣ್ಣನಿಗೆ ನೀರು ಹೊತ್ತು, ಕಸ ಗುಡಿಸಿ, ಸಂಜೆ ಹೊತ್ತಿಗೆ ಸೊಂಟವೇ ಬಿದ್ದುಹೋಗುತ್ತಿತ್ತು. ಆಮೇಲೂ ಒಂದು ಕೆಲಸ ಉಳಿದಿರುತ್ತಿತ್ತು: ಗುರುವಿನ ಪಕ್ಕ ಕೂತು, ಹೊಳೆಯ ಕಡೆ ನೋಡಿ, ಕಂಡದ್ದನ್ನು ಹೇಳುವುದು.

"ಏನೈತಪಾ ಇವತ್ತು?"

"ಬಂಡೆ, ಅಜ್ಜಾರ."

"ಮತ್ತ?"

"ಆ ಬಂಡೆ ಹಿಂದ ಇನ್ನೊಂದು ಬಂಡೆ."

ಹೇಳಿ ಹೇಳಿ ನಾಲಿಗೆ ಸವೆಯಿತು. ಪಂಪಣ್ಣ ಹೊಳೆಗೆ ಬೆನ್ನು ಹಾಕಿ ಕೂರತೊಡಗಿದ. ಎದುರಿಗೆ ಅಡಿಗೆಮನೆಯ ಬಾಗಿಲು, ಒಳಗೆ ಗೋಡೆಯ ಮೇಲೆ ಹಿಮಾಲಯದ ಕ್ಯಾಲೆಂಡರು. ಅದನ್ನೇ ನೋಡಿಕೊಂಡು ಒಂದು ಬುರುಡೆ ಬಿಟ್ಟ:

"ಹಿಮ ಬಿದ್ದೈತ್ರಿ ಅಜ್ಜಾರ. ಗುಡ್ಡದ ತುಂಬ ಬೆಳ್ಳಗ!"

"ಹೌದಾ? ಹಂಗಾರ ಕಂಬಳಿ ತಾ."

ಒಗಟು ಬಿಡಿಸಿದಂತಾಯಿತಲ್ಲ?

ಅಂದಿನಿಂದ ದಿನಾ ಸಂಜೆ ಕಂಬಳಿ. ಗುರುವಿನ ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಪಂಪಣ್ಣ ಮೊದಮೊದಲು ಬಾಯಿಗೆ ಪಂಚೆ ತುರುಕಿಕೊಂಡು ನಕ್ಕ. ಆಮೇಲೆ ನಗು ಬರಲಿಲ್ಲ.

"ತೆಗೀರಿ ಅಜ್ಜಾರ, ಸತ್ತೀರಿ! ಹಿಮ ಇಲ್ಲ, ಮಣ್ಣೂ ಇಲ್ಲ. ಸುಳ್ಳು ಹೇಳೀನಿ. ಈ ಬಂಡೆ ನೋಡಿ ನೋಡಿ ನನಗ ಸಾಕಾಗೈತಿ. ಹಿಮಾಲಯಕ್ಕ ಹೋಗತೀನಿ, ಬುತ್ತಿ ಕಟ್ಟಿಕೊಡ್ರಿ."

ಗುರು ತಮ್ಮ ಕೈಯಾರೆ ಬುತ್ತಿ ಕಟ್ಟದೆ ಆ ಮಠದಿಂದ ಯಾರೂ ದಾರಿ ಹಿಡಿಯುವಂತಿರಲಿಲ್ಲ.

ಅಡಿವೆಯ್ಯ ಕಂಬಳಿ ಕೊಡವಿ ಎದ್ದರು. ತಡವರಿಸುತ್ತ ಒಳಗೆ ಹೋಗಿ, ಕಟಕರೊಟ್ಟಿ, ಶೇಂಗಾಹಿಂಡಿ ಬಟ್ಟೆಯಲ್ಲಿ ಕಟ್ಟಿ ತಂದು ಶಿಷ್ಯನ ಕೈಗಿಟ್ಟರು. ಮತ್ತೆ ಬಂಡೆ ಮೇಲೆ ಕೂತು ಕಂಬಳಿ ಎಳೆದುಕೊಂಡರು.

"ಹೋಗು. ಅಲ್ಲೂ ಒಬ್ಬ ಕುರುಡ ಇರತಾನ. ನಿಮ್ಮ ನಾಡು ಹೆಂಗೈತಿ ಅಂತ ಕೇಳತಾನ. ಏನ್ ಹೇಳತಿ?"

"ಬಂಡೆ..." ಎಂದ ಪಂಪಣ್ಣ. ಅವು ಯಾವ ಬಣ್ಣದವು ಎಂಬುದೇ ನೆನಪಿಗೆ ಬರಲಿಲ್ಲ.

ಸುಸ್ತಾದ ಎತ್ತು ಗಾಣದಲ್ಲಿ ತಿರುಗುವಂತೆ, ಅವನು ಮೆಲ್ಲಗೆ ಹೊಳೆಯ ಕಡೆ ತಿರುಗಿ ಕೂತ.

ಬಂಡೆಯಿಂದ ಬಂಡೆಗೆ ಕಣ್ಣು ಹಾಯಿಸಿದ.

"ಅಜ್ಜಾರ... ಬಂಡೆ ಬೆಲ್ಲದ ಪಾಕದ ಬಣ್ಣಕ್ಕ ತಿರುಗ್ಯಾವ. ಕೆಳಗಿನವು ಆಗಲೇ ಆರ್ಯಾವ, ಮ್ಯಾಲಿಂದು ಒಂದು ಇನ್ನೂ ಕೆಂಡ ಆಗೈತಿ."

"ಹ್ಞೂಂ."

"ನೀರುನಾಯಿ ಮರಿಗೋಳು ಒಂದು ಮೀನಿಗ ಕಚ್ಚಾಡಾಕತ್ತಾವ. ಮೀನು ತಪ್ಪಿಸಿಕೊಂಡು ಹೋತು, ಅವಕ್ಕಿನ್ನೂ ಗೊತ್ತಿಲ್ಲ! ಹರಿಗೋಲು ಒಂದು ಗಿರಗಿರ ತಿರುಗಿಕೋತ ಬರಾಕತ್ತೈತಿ. ಅದರಾಗೊಂದು ಮೇಕೆ, ದೊರೆಸಾನಿ ಹಂಗ ನಿಂತೈತಿ..."

ತೊಡೆಯ ಮೇಲಿನ ಬುತ್ತಿಗೆ ಇರುವೆ ಹತ್ತಿತು. ಪಂಪಣ್ಣ ಕೆಳಗೆ ನೋಡಲಿಲ್ಲ.

ಗುರು ಹೆಗಲಿನಿಂದ ಕಂಬಳಿ ಜಾರಿಸಿದರು. "ಈಗ ನೋಡು, ಸೆಕಿ ಆಗಾಕತ್ತೈತಿ."

ಕಂಬಳಿ ಜಾರಿಸಿದ್ದು, ಈ ಕೊನೆಯ ಮಾತು, ಇವೆರಡು ಮಾತ್ರ ನಾನು ಕಟ್ಟಿದ್ದು. ಗುರು ಆಗಲೇ ಕಂಬಳಿಯೊಳಗೆ ನಿದ್ದೆಹೋಗಿದ್ದರು. ಪಂಪಣ್ಣ ಇನ್ನೂ ಹೇಳುತ್ತಲೇ ಇದ್ದ.